ನಾವು ಸೇಡಿನ ಸಿನಿಮಾ ನೋಡಿದ್ದು

'ನಾವು' ಎಂದರೆ ಇಲ್ಲಿ ಒಬ್ಬರೇ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಪ್ಪತ್ತಮೂರು ವರ್ಷ ಕೇಂದ್ರ ಸರ್ಕಾರದ ಗುಮಾಸ್ತೆಗಿರಿ ಮಾಡಿದವರ ಲೇಖನಿಯಿಂದ 'ನಾನು' ಎಂಬ ಪದ ಸುಲಭವಾಗಿ ಹೊರಡುವುದಿಲ್ಲ. ಕಛೇರಿಯ ಪತ್ರಗಳಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ. ಎಲ್ಲವೂ ತಾನಾಗಿ 'ಮಾಡಲ್ಪಡುತ್ತದೆ'. ಪತ್ರ ಬರೆದವನು ಸಹ 'ಕೆಳಗೆ ಸಹಿ ಮಾಡಿರುವವರು' ಆಗಿರುತ್ತಾನೆಯೇ ಹೊರತು ನಾನು ಆಗಿರುವುದಿಲ್ಲ. ಈ ಅಭ್ಯಾಸ ಮನೆಗೂ ಬಂದು, 'ನಮಗೆ ಕಾಫಿ ಬೇಕಿತ್ತು' ಎಂದರೆ ಮನೆಯವಳು, 'ಎಷ್ಟು ಲೋಟ?' ಎಂದು ಕೇಳುತ್ತಾಳೆ.

2025ರ ನವೆಂಬರ್ ಕೊನೆಯ ವಾರದಲ್ಲಿ ಆ ಪ್ರಶ್ನೆ ಕೇಳಲು ಮನೆಯಲ್ಲಿ ಅವಳಿರಲಿಲ್ಲ. ತುಮಕೂರಿನಲ್ಲಿ ಭಾವಮೈದುನನ ಮನೆಯ ಗೃಹಪ್ರವೇಶ. ತಾಯಿ-ಮಗಳನ್ನು ಶುಕ್ರವಾರ ರಾತ್ರಿ ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ಹತ್ತಿಸಿ ಬಂದೆವು. ನಮಗೆ ರಜೆ ಸಿಗಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೆವು. ಕೇಳಿದ್ದರೆ ಸಿಗುತ್ತಿತ್ತು ಎಂಬುದು ಬೇರೆ ಮಾತು. ದೆಹಲಿಯ ಎರಡು ಕೋಣೆಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ವರ್ಷದಲ್ಲಿ ಒಂದು ವಾರ ಒಬ್ಬರೇ ಇರಬೇಕೆಂಬ ಆಸೆ ಯಾವ ಗೃಹಸ್ಥನಿಗೆ ಇರುವುದಿಲ್ಲ? ಹುಳಿ ಮಾಡಿ ಫ್ರಿಜ್ಜಿನಲ್ಲಿಟ್ಟಿದ್ದರು, ದೋಸೆ ಹಿಟ್ಟಿತ್ತು, ಚಟ್ನಿಪುಡಿಯ ಡಬ್ಬಿಯಿತ್ತು. ಸ್ವರಾಜ್ಯಕ್ಕೆ ಇನ್ನೇನು ಬೇಕು?

ಆದರೆ ಆ ಶುಕ್ರವಾರ ಕಛೇರಿಯಿಂದ ಹೊರಡುವಾಗ ನಮ್ಮ ಮನಸ್ಸು ಸ್ವಸ್ಥವಾಗಿರಲಿಲ್ಲ. ಅದಕ್ಕೆ ಕಾರಣ ಒಂದು ಕಡತ. ಅದರ ವಿಷಯ ಹೇಳಬೇಕಾದರೆ 2012ಕ್ಕೆ ಹೋಗಬೇಕು.

ಆ ವರ್ಷ ನಮ್ಮ ಸೆಕ್ಷನ್ನಿನಲ್ಲಿ ಒಂದು ಮುಖ್ಯವಾದ ಕಡತ ಕಳೆದುಹೋಯಿತು. ಸೆಕ್ಷನ್ನಿನ ಮೇಲಧಿಕಾರಿಗಳು ಅದನ್ನು ಮನೆಗೆ ಒಯ್ದದ್ದನ್ನು ನಾವು ಕಣ್ಣಾರೆ ಕಂಡಿದ್ದೆವು. ಬಿಳಿ ಸ್ಕೂಟರಿನ ಹಿಂದೆ ತರಕಾರಿ ಚೀಲದೊಡನೆ ಅದು ಹೋಯಿತು, ಮರಳಿ ಬರಲಿಲ್ಲ. ವಿಚಾರಣೆ ಬಂದಾಗ ಅವರು ಕಡತವನ್ನು ಗುಮಾಸ್ತನಿಗೆ ಕೊಟ್ಟಿದ್ದಾಗಿ ಬರೆದುಕೊಟ್ಟರು. ರಿಜಿಸ್ಟರಿನಲ್ಲಿ ಕೊನೆಯ ಸಹಿ ನಮ್ಮದೇ ಇತ್ತು. ಅವರು ಕಡತ ಒಯ್ಯುವಾಗ ಸಹಿ ಕೇಳುವ ಧೈರ್ಯ ಯಾವ ಗುಮಾಸ್ತನಿಗಿದೆ? ನಿಯಮ 16ರ ಪ್ರಕಾರ ಮೆಮೊ ಬಂತು, ಉತ್ತರ ಕೊಟ್ಟೆವು, ಉತ್ತರ 'ತೃಪ್ತಿಕರವಲ್ಲ' ಎಂದಾಯಿತು, ಒಂದು ವರ್ಷದ ಇನ್‌ಕ್ರಿಮೆಂಟು ನಿಂತಿತು. ಭತ್ಯೆಯೂ ಸೇರಿ ತಿಂಗಳಿಗೆ 600 ರೂಪಾಯಿ ಚಿಲ್ಲರೆ. ಹಣ ದೊಡ್ಡದಲ್ಲ. ಆದರೆ ದೆಹಲಿಯಲ್ಲಿ ಕನ್ನಡಿಗರು ಎಷ್ಟೇ ಚದುರಿದ್ದರೂ ಸುದ್ದಿ ಮಾತ್ರ ನೇರವಾಗಿ ಊರಿಗೆ ತಲುಪುತ್ತದೆ. ಹಾಸನದಲ್ಲಿ ನಿವೃತ್ತ ಮೇಷ್ಟರಾಗಿದ್ದ ತಂದೆಯವರು ಫೋನು ಮಾಡಿ, 'ಏನಪ್ಪಾ, ಕಾಗದ ಕಳೆದದ್ದು ನೀನೇನಾ?' ಎಂದು ಕೇಳಿದರು. ಅಲ್ಲ ಎಂದೆವು. 'ಆಯ್ತು ಬಿಡು' ಎಂದರು. ಆ 'ಆಯ್ತು ಬಿಡು'ವಿನಲ್ಲಿ ನಂಬಿಕೆ ಎಷ್ಟಿತ್ತು, ಸಮಾಧಾನ ಎಷ್ಟಿತ್ತು ಎಂದು ಮತ್ತೆ ಕೇಳುವ ಅವಕಾಶ ನಮಗೆ ಸಿಗಲಿಲ್ಲ. 2013ರ ಮಳೆಗಾಲದಲ್ಲಿ ಅವರು ತೀರಿಕೊಂಡರು.

ಮೇಲಧಿಕಾರಿಗಳು 2014ರಲ್ಲಿ ಶಾಲು, ಹಾರ, ಗಡಿಯಾರಗಳೊಡನೆ ನಿವೃತ್ತರಾದರು. ಹಾರಕ್ಕೆ ನಾವೂ 50 ರೂಪಾಯಿ ಕೊಟ್ಟೆವು.

ಈಗ ನಾವಿರುವುದು ಪಿಂಚಣಿಯ ಸೆಕ್ಷನ್ನಿನಲ್ಲಿ. ಆ ಶುಕ್ರವಾರ ಮಧ್ಯಾಹ್ನ ನಮ್ಮ ಮೇಜಿಗೆ ಬಂದ ಅರ್ಜಿಯ ಮೇಲೆ ಅವರ ಹೆಸರಿತ್ತು. ಅವರಿಗೆ ಹುಟ್ಟಿನಿಂದ ಬುದ್ಧಿ ಬೆಳೆಯದ ಒಬ್ಬ ಮಗನಿದ್ದಾನಂತೆ. ಹಾಗೆ ಶಾಶ್ವತವಾದ ಊನವಿದ್ದು ತಾನೇ ದುಡಿದು ಬದುಕಲಾರದ ಮಗುವಿಗೆ, ತಂದೆ-ತಾಯಿಗಳ ಕಾಲಾನಂತರ ಜೀವವಿರುವವರೆಗೆ ಕುಟುಂಬ ಪಿಂಚಣಿ ಸಲ್ಲುತ್ತದೆ. ಪಿಂಚಣಿದಾರರು ಬದುಕಿರುವಾಗಲೇ ಮಗುವಿನ ಹೆಸರನ್ನು ಪಿಂಚಣಿ ಆದೇಶಪತ್ರದಲ್ಲಿ ಸೇರಿಸಿಕೊಳ್ಳಬಹುದು. ಅದಕ್ಕಾಗಿ ಅರ್ಜಿ. ಒಂದು ವೈದ್ಯಕೀಯ ಪ್ರಮಾಣಪತ್ರದ ಪ್ರತಿ ಮಸುಕಾಗಿತ್ತು, ಮೊಹರು ಓದಲಾಗುತ್ತಿರಲಿಲ್ಲ. ಬಲ್ಲವರಿಗೆ ಇಷ್ಟು ಸಾಕು. 'ಪ್ರತಿ ಸ್ಪಷ್ಟವಿಲ್ಲ, ಹಿಂದಿರುಗಿಸಿದೆ' ಎಂದು ಒಂದು ಸಾಲು ಬರೆದರೆ ಎರಡು ತಿಂಗಳು. ಮರಳಿ ಬಂದಾಗ ಇನ್ನೊಂದು ಕೊರತೆ ಹುಡುಕಿದರೆ ಮತ್ತೆರಡು. ಯಾವ ನಿಯಮವನ್ನೂ ಮುರಿಯದೆ, ದನಿ ಏರಿಸದೆ, ಒಬ್ಬ ಎಪ್ಪತ್ತು ದಾಟಿದ ಮುದುಕನನ್ನು ಒಂದು ವರ್ಷ ಅಲೆಸಬಹುದು. ಕಡತವನ್ನು ತಟ್ಟೆಯ ತಳಕ್ಕೆ ಸೇರಿಸಿ, ಮೇಲೆ ಬೇರೆ ಕಡತಗಳನ್ನಿಟ್ಟು ಮನೆಗೆ ಬಂದೆವು.

ಶನಿವಾರ ರಾತ್ರಿ ಚಳಿ ಚೆನ್ನಾಗಿ ಇಳಿದಿತ್ತು. ಮೊಸರನ್ನ ಉಂಡು, ರಜಾಯಿ ಹೊದ್ದು, ಟಿ.ವಿ.ಯ ಮುಂದೆ ಕುಳಿತೆವು. ನಮ್ಮ ಮಗಳಿಗೆ ಮೂರು ವರ್ಷದಿಂದ ಕೊರಿಯಾದ ಹುಚ್ಚು. ಲಾಜಪತ್ ನಗರದಲ್ಲಿರುವ ಕೊರಿಯಾದ ಸಾಂಸ್ಕೃತಿಕ ಕೇಂದ್ರ ಎಲ್ಲಿದೆ ಎಂದು ನಮ್ಮ ಕನ್ನಡ ಸಂಘದ ದಾರಿಗಿಂತ ಚೆನ್ನಾಗಿ ಅವಳಿಗೆ ಗೊತ್ತು. ಅವರ ಭಾಷೆಯಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ, ಅವರ ಮಕ್ಕಳೂ ತಂದೆಯನ್ನು 'ಅಪ್ಪ' ಎಂದೇ ಕರೆಯುತ್ತಾರೆ ಎಂದು ಅವಳು ಹೇಳಿದಾಗ ನಾವು ನಂಬಿರಲಿಲ್ಲ. ಆಮೇಲೆ ಅವಳು ನೋಡುವ ಧಾರಾವಾಹಿಯಲ್ಲಿ ನಾವೇ ಕಿವಿಯಾರೆ ಕೇಳಿದೆವು. ಅಡುಗೆಮನೆಯಲ್ಲಿದ್ದ ನಾವು ನಮ್ಮನ್ನೇ ಕರೆದರೆಂದು 'ಏನಮ್ಮಾ' ಎಂದು ಓಡಿಬಂದದ್ದೂ ಉಂಟು.

ಊರಿಗೆ ಹೊರಡುವ ಮುನ್ನ ಅವಳು, 'ಅಪ್ಪಾ, ಬೇಜಾರಾದ್ರೆ ನೋಡಿ' ಎಂದು ಕೆಲವು ಚಿತ್ರಗಳನ್ನು ಗುರುತು ಮಾಡಿಟ್ಟಿದ್ದಳು. ಎಲ್ಲವೂ ಹೂವು, ಮಳೆ, ಕೊಡೆ. ನಾವು ಅವನ್ನು ಬಿಟ್ಟು ಪಾರ್ಕ್ ಚಾನ್-ವುಕ್ ಎಂಬ ನಿರ್ದೇಶಕನ 'ಲೇಡಿ ವೆಂಜೆನ್ಸ್' ಎಂಬುದನ್ನು ಹಾಕಿದೆವು. 2005ರ ಚಿತ್ರ. ಈತ ಸೇಡಿನ ಮೇಲೆ ಮೂರು ಚಿತ್ರಗಳನ್ನು ತೆಗೆದಿದ್ದಾನೆ. 2002ರದು ಒಂದು, 2003ರ 'ಓಲ್ಡ್ ಬಾಯ್' ಎರಡನೆಯದು, ಇದು ಮೂರನೆಯದು. 'ಓಲ್ಡ್ ಬಾಯ್' 2004ರಲ್ಲಿ ಕಾನ್ ಉತ್ಸವದಲ್ಲಿ ಗ್ರಾಂ ಪ್ರೀ ಪಡೆದ ಚಿತ್ರ. ಅದನ್ನು ಹಿಂದೊಮ್ಮೆ ಸ್ನೇಹಿತರ ಮನೆಯಲ್ಲಿ ನೋಡಿದ್ದೆವು. ಒಬ್ಬನನ್ನು ಯಾರೋ ಹದಿನೈದು ವರ್ಷ ಒಂದು ಕೋಣೆಯಲ್ಲಿ ಕೂಡಿಹಾಕುತ್ತಾರೆ; ಯಾಕೆಂದು ಅವನಿಗೆ ಗೊತ್ತಿಲ್ಲ. ಹೊರಬಂದು ಹುಡುಕಿದರೆ ಕಾರಣ ಅವನೇ ಶಾಲೆಯ ದಿನಗಳಲ್ಲಿ ಆಡಿ ಮರೆತ ಒಂದು ಮಾತು. ಆಡಿದವನಿಗೆ ಮರೆವು, ಆಡಿಸಿಕೊಂಡವನಿಗೆ ಜನ್ಮಪೂರ್ತಿ ನೆನಪು. ಅದರ ಕೊನೆಯ ಗುಟ್ಟು ಸಂಸಾರಸ್ಥರ ಪತ್ರಿಕೆಯಲ್ಲಿ ಬರೆಯುವಂಥದಲ್ಲ, ಬಿಟ್ಟುಬಿಡೋಣ.

ಈ ಮೂರನೆಯ ಚಿತ್ರಕ್ಕೆ ಕೊರಿಯಾದ ಭಾಷೆಯಲ್ಲಿರುವ ಹೆಸರಿಗೆ 'ದಯಾಳು ಗುಮ್-ಜಾ ಅವರು' ಎಂದು ಅರ್ಥ. ಹೆಸರಿನ ಮುಂದೆ 'ಸ್ಸಿ' ಸೇರಿಸಿದರೆ ನಮ್ಮ 'ಅವರು' ಇದ್ದ ಹಾಗೆ ಎಂದು ಮಗಳು ಹೇಳಿಕೊಟ್ಟದ್ದು. ಕೊಲ್ಲಲು ಹೊರಟವಳನ್ನೂ ಬಹುವಚನದಲ್ಲಿ ಕರೆಯುವ ಮರ್ಯಾದೆ ನಮಗೆ ಹಿಡಿಸಿತು.

ಕಥೆ ಹೀಗೆ. ಗುಮ್-ಜಾ ಒಬ್ಬ ಪುಟ್ಟ ಬಾಲಕನನ್ನು ಅಪಹರಿಸಿ ಕೊಂದಳೆಂದು ಹದಿಮೂರು ವರ್ಷ ಸೆರೆಮನೆಯಲ್ಲಿದ್ದವಳು. ಕೊಂದದ್ದು ಅವಳಲ್ಲ, ಬೇಕ್ ಎಂಬ ಒಬ್ಬ ಮೇಷ್ಟರು. ತಪ್ಪು ಒಪ್ಪಿಕೊಳ್ಳದಿದ್ದರೆ ನಿನ್ನ ಹಸುಗೂಸನ್ನು ಮುಗಿಸುತ್ತೇನೆ ಎಂದು ಹೆದರಿಸಿದ್ದ. ಹಾಗೆಂದು ಅವಳು ಪೂರ್ತಿ ನಿರಪರಾಧಿಯೂ ಅಲ್ಲ. ಅಪಹರಣದಲ್ಲಿ ಅವಳ ಕೈಯೂ ಇತ್ತು. ಸೆರೆಮನೆಯಿಂದ ಬಿಡುಗಡೆಯಾದವರಿಗೆ ಕೊರಿಯಾದಲ್ಲಿ ತೋಫು ತಿನ್ನಿಸುವ ಪದ್ಧತಿಯಂತೆ. ನಮ್ಮ ಪನೀರಿನ ಹಾಗೆ ಕಾಣುವ, ಸೋಯಾ ಹಾಲಿನಿಂದ ಮಾಡಿದ ಬಿಳಿಯ ಗಟ್ಟಿ. ಇನ್ನು ಮುಂದೆ ಹೀಗೆ ಬೆಳ್ಳಗೆ ಬಾಳು ಎಂದು ಅರ್ಥ. ಬಾಗಿಲಲ್ಲಿ ಕಾದಿದ್ದ ಪಾದ್ರಿ ತಟ್ಟೆ ಹಿಡಿದು ನಿಂತಿದ್ದಾನೆ. ಅವಳು ಒಂದು ಬೆರಳಿನಿಂದ ಆ ತಟ್ಟೆಯನ್ನು ಬೋರಲು ಹಾಕಿ, ನಿಮ್ಮ ಕೆಲಸ ನೀವು ನೋಡಿಕೊಳ್ಳಿ ಎಂಬರ್ಥದ ಮಾತೊಂದನ್ನು ಹೇಳಿ ಹೋಗುತ್ತಾಳೆ. ನಾವು ರಜಾಯಿಯೊಳಗೇ ಕೈತಟ್ಟಿದೆವು.

ಸತ್ಯ ಹೇಳಬೇಕು: ಮೊದಲ ಒಂದು ಗಂಟೆ ನಾವು ಪಟ್ಟ ಸಂತೋಷ ಅಷ್ಟಿಷ್ಟಲ್ಲ. ಹದಿಮೂರು ವರ್ಷ ಎಂಬುದು ಕಿವಿಗೆ ಬಿದ್ದಕೂಡಲೇ ಬೆರಳು ಮಡಿಸಿ 2012ರಿಂದ ಎಣಿಸಿದೆವು; ಲೆಕ್ಕ ಸರಿಯಾಗಿತ್ತು. ಅವಳ ಕೆಲಸದ ಅಚ್ಚುಕಟ್ಟಾದರೂ ಎಂಥದು! ಸೆರೆಮನೆಯಲ್ಲಿ ದೇವತೆಯಂತಿದ್ದು ಒಬ್ಬಳಿಗೆ ತನ್ನ ಮೂತ್ರಪಿಂಡವನ್ನೇ ಕೊಟ್ಟಿದ್ದಾಳೆ. ಉಳಿದವರನ್ನು ಗೋಳುಹೊಯ್ದುಕೊಂಡ ಇನ್ನೊಬ್ಬಳಿಗೆ ಅನ್ನದಲ್ಲಿ ಸ್ವಲ್ಪಸ್ವಲ್ಪವೇ ವಿಷ ಹಾಕಿ ಕೊಂದಿದ್ದಾಳೆ. ಬಿಡುಗಡೆಯಾದ ಮೇಲೆ ಹಳೆಯ ಜೊತೆಗಾತಿಯರೆಲ್ಲ ಒಬ್ಬೊಬ್ಬರಾಗಿ ಋಣ ತೀರಿಸುತ್ತಾರೆ. ಒಬ್ಬರು ಮನೆ, ಒಬ್ಬರು ಪಿಸ್ತೂಲು. ಆ ಪಿಸ್ತೂಲು ತೀರ ಹತ್ತಿರದಿಂದ ಹೊಡೆದರೆ ಮಾತ್ರ ತಾಗುವಂಥದು. ಗುಮಾಸ್ತನ ಲೇಖನಿಯೂ ಹಾಗೆಯೇ ಎಂದು ಅನ್ನಿಸಿತು. ದೂರದವರನ್ನು ಅದೇನೂ ಮಾಡಲಾರದು. ಅರ್ಜಿ ಹಿಡಿದು ಮೇಜಿನ ಹತ್ತಿರ ಬಂದವರ ಮೇಲೆ ಮಾತ್ರ ಅದರ ಪರಾಕ್ರಮ. ತಟ್ಟೆಯ ತಳದ ಕಡತ ನೆನಪಿಗೆ ಬಂದು ಮೈ ಬೆಚ್ಚಗಾಯಿತು.

ಗುಮ್-ಜಾ ಆಗಿ ಲೀ ಯಂಗ್-ಏ, ಬೇಕ್ ಮೇಷ್ಟರಾಗಿ 'ಓಲ್ಡ್ ಬಾಯ್'ನ ನಾಯಕ ಚೊಯ್ ಮಿನ್-ಸಿಕ್. ಆ ಚಿತ್ರದಲ್ಲಿ ಯಾರಿಗಾಗಿ ಮರುಗಿದ್ದೆವೋ ಅದೇ ಮುಖವನ್ನು ಇಲ್ಲಿ ದ್ವೇಷಿಸಬೇಕು. ಮುಖಗಳ ವಿಷಯದಲ್ಲಿ ಈ ನಿರ್ದೇಶಕ ಪ್ರೇಕ್ಷಕರಿಗೆ ರಿಯಾಯಿತಿ ತೋರಿಸುವವನಲ್ಲ.

ಅವಳು ಬೇಕ್‌ನನ್ನು ಹಿಡಿದು ಕಟ್ಟಿಹಾಕಿದ ಹೊತ್ತಿಗೆ, ಸರಿಯಾಗಿ ಆ ಹೊತ್ತಿಗೇ, ನಮ್ಮ ಬಾಗಿಲ ಗಂಟೆ ಬಾರಿಸಿತು. ಕೆಳಗಿನ ಮನೆಯ ಹುಬ್ಬಳ್ಳಿಯ ಅಕ್ಕನವರು. ಕೈಯಲ್ಲಿ ರೊಟ್ಟಿ, ಝುಣಕ.

'ಅಣ್ಣಾರ, ಅವ್ವಾರು ಊರಿಗೆ ಹೋಗ್ಯಾರಲ್ಲ, ಉಂಡೀರೋ ಇಲ್ಲೋ ಅಂತ ತಂದೆ. ಯಾರ್ರೀ ಅದು, ಒಳಗ ಹಂಗ ಒದರಾಕತ್ತಾರ?'

'ಏನಿಲ್ಲ ಅಕ್ಕ, ಟಿ.ವಿ.ಯಲ್ಲಿ ಸುದ್ದಿ.'

'ಹೌದ್ ಬಿಡ್ರಿ, ಸುದ್ದಿಯವ್ರು ಈಗ ಹಂಗ ಒದರತಾರ.'

ಸುಳ್ಳು ಹೇಳಿದ್ದೇಕೆ ಎಂದು ಬಾಗಿಲು ಹಾಕಿದ ಮೇಲೆ ಯೋಚಿಸಿದೆವು. ಸಿನಿಮಾ ನೋಡುವುದು ತಪ್ಪಲ್ಲ. ಆದರೆ ಎಷ್ಟು ಸಂತೋಷದಿಂದ ನೋಡುತ್ತಿದ್ದೆವು ಎಂಬುದು ಮುಖದಲ್ಲಿ ಕಂಡೀತೆಂದು ಅಂಜಿಕೆ. ಒಬ್ಬರೇ ನೋಡಿದ್ದರ ಕಾರಣವೂ ಆಗ ತಿಳಿಯಿತು. ನಗುವ ಚಿತ್ರವನ್ನು ನಾಲ್ಕು ಜನರೊಡನೆ ನೋಡಬಹುದು, ಅಳುವ ಚಿತ್ರವನ್ನು ಹೆಂಡತಿಯೊಡನೆ ನೋಡಬಹುದು; ಸೇಡಿನ ಚಿತ್ರವನ್ನು ಮಾತ್ರ ಬಾಗಿಲು ಹಾಕಿಕೊಂಡು ನೋಡಬೇಕು. ಯಾರ ಮುಖವನ್ನು ನೆನೆದು ನೋಡುತ್ತಿದ್ದೇವೆಂಬುದು ನಮಗೆ ಮಾತ್ರ ಗೊತ್ತು.

ರೊಟ್ಟಿ ಮುರಿಯುತ್ತ ಮತ್ತೆ ಕುಳಿತೆವು. ಕಥೆ ಅಲ್ಲಿಂದ ನಾವೆಣಿಸಿದ ದಾರಿ ಬಿಟ್ಟಿತು. ಬೇಕ್‌ನ ಮೊಬೈಲ್ ಫೋನಿಗೆ ಕಟ್ಟಿದ್ದ ಪುಟ್ಟಪುಟ್ಟ ಗೊಂಬೆ, ಗೋಲಿಗಳನ್ನು ಅವಳು ನೋಡುತ್ತಾಳೆ. ಒಂದೊಂದೂ ಒಂದೊಂದು ಮಗುವಿನದು. ಅವನು ಕೊಂದದ್ದು ಒಬ್ಬನನ್ನಲ್ಲ, ಇನ್ನೂ ಮಕ್ಕಳಿದ್ದಾರೆ. ಅವರ ಅಳುವನ್ನು ವಿಡಿಯೋ ಟೇಪಿನಲ್ಲಿ ತುಂಬಿಟ್ಟಿದ್ದಾನೆ. ಅವಳು ಅವನನ್ನು ತಾನು ಕೊಲ್ಲುವುದಿಲ್ಲ. ಊರಾಚೆಯ ಒಂದು ಮುಚ್ಚಿದ ಶಾಲೆಗೆ ಆ ಮಕ್ಕಳ ತಂದೆ-ತಾಯಿಗಳನ್ನು ಕರೆಸುತ್ತಾಳೆ. ಹಿಂದೆ ಅವಳ ಮೇಲಿನ ಆರೋಪವನ್ನು ತನಿಖೆ ಮಾಡಿದ್ದ ಪೊಲೀಸ್ ಅಧಿಕಾರಿಯೂ ಜೊತೆಗಿದ್ದಾನೆ. ಮಕ್ಕಳ ಬೆಂಚುಗಳ ಮೇಲೆ ದೊಡ್ಡವರು ಕುಳಿತು ತಮ್ಮ ಮಕ್ಕಳ ಟೇಪನ್ನು ನೋಡುತ್ತಾರೆ. ಬಾಯಿಯ ಹತ್ತಿರ ಹೋದ ತುತ್ತನ್ನು ನಾವು ತಟ್ಟೆಗೆ ಹಾಕಿದೆವು.

ಆಮೇಲೆ ನಡೆಯುವುದು ಒಂದು ಸಭೆ. ಪೊಲೀಸರಿಗೆ ಒಪ್ಪಿಸೋಣವೇ, ನಾವೇ ಮುಗಿಸೋಣವೇ? ಒಬ್ಬರು ಕಾನೂನು ಎನ್ನುತ್ತಾರೆ. ಇನ್ನೊಬ್ಬರು ನ್ಯಾಯಾಲಯವೆಂದರೆ ಎಷ್ಟು ಕಾಲ ಹಿಡಿದೀತು ಎನ್ನುತ್ತಾರೆ. ನಮ್ಮ 'ಶೋಲೆ'ಯ ನೆನಪಾಯಿತು. ಅದರಲ್ಲಿ ಠಾಕೂರನೇ ಗಬ್ಬರ್‌ನನ್ನು ಕೊಲ್ಲುವಂತೆ ಮೊದಲು ಚಿತ್ರೀಕರಿಸಿದ್ದರು. ಸೆನ್ಸಾರಿನವರು ಒಪ್ಪದೆ 1975ರಲ್ಲಿ ಬಿಡುಗಡೆಯಾದ ಪ್ರತಿಯಲ್ಲಿ ಕೊನೆಯ ಗಳಿಗೆಗೆ ಪೊಲೀಸರು ಬಂದರು. ರಾಮನಗರದ ಬಂಡೆಗಳ ನಡುವೆ ಬಂದ ಆ ಪೊಲೀಸರು ಕೊರಿಯಾದ ಶಾಲೆಗೆ ಬರುವುದಿಲ್ಲ. ಇಲ್ಲಿ ಪೊಲೀಸನೇ ಆಯುಧ ಹಿಡಿಯುವ ಕ್ರಮ ಹೇಳಿಕೊಡುತ್ತಾನೆ.

ಸಭೆಯ ತೀರ್ಮಾನವಾದ ಮೇಲೆ ಎಲ್ಲವೂ ಕಛೇರಿಯ ಕ್ರಮದಲ್ಲಿ ನಡೆಯುತ್ತದೆ. ಸರದಿಗಾಗಿ ಚೀಟಿ ಎತ್ತುತ್ತಾರೆ. ರಕ್ತ ಸಿಡಿಯಬಾರದೆಂದು ಎಲ್ಲರೂ ಪ್ಲಾಸ್ಟಿಕ್ಕಿನ ಮಳೆಯಂಗಿ ತೊಟ್ಟು, ಆಯುಧ ಹಿಡಿದು, ಓಣಿಯಲ್ಲಿ ಕುರ್ಚಿ ಹಾಕಿಕೊಂಡು ಕಾಯುತ್ತಾರೆ. ಡಿಸ್ಪೆನ್ಸರಿಯಲ್ಲಿ ಟೋಕನ್ ಹಿಡಿದು ನಾವು ಕುಳಿತುಕೊಳ್ಳುವುದೂ ಹೀಗೆಯೇ. ಮುಗಿದ ಮೇಲೆ ನೆಲ ಒರೆಸುತ್ತಾರೆ. ನಾಳೆ ಯಾರೂ ಯಾರನ್ನೂ ಹಿಡಿದುಕೊಡದಿರಲೆಂದು ಎಲ್ಲರನ್ನೂ ನಿಲ್ಲಿಸಿ ಒಂದು ಫೋಟೋ. ಬೇಕರಿಗೆ ಬಂದು ಕೇಕು ತಿನ್ನುತ್ತಾರೆ. ಅಲ್ಲಿ ಒಬ್ಬರು ಮೆಲ್ಲಗೆ ವಿಚಾರಿಸುತ್ತಾರೆ, ತಾವು ಹಿಂದೆ ಮಕ್ಕಳಿಗಾಗಿ ಕೊಟ್ಟ ಒತ್ತೆಹಣದ ವಿಷಯ ಏನು ಎಂದು. ಬ್ಯಾಂಕಿನ ಖಾತೆ ನಂಬರುಗಳನ್ನು ಬರೆದುಕೊಡುತ್ತಾರೆ.

ಅದನ್ನು ನೋಡಿ ನಾವು ಗಟ್ಟಿಯಾಗಿ ನಕ್ಕೆವು. ಇಪ್ಪತ್ತಮೂರು ವರ್ಷದಲ್ಲಿ ಎಷ್ಟು ಸಾವಿನ ಕಾಗದಗಳ ಜೊತೆಯಲ್ಲಿ ಬ್ಯಾಂಕಿನ ಖಾತೆ ನಂಬರನ್ನು ಕೇಳಿ ಬರೆಸಿಕೊಂಡಿದ್ದೇವೋ ಲೆಕ್ಕವಿಲ್ಲ. ಗಂಡ ತೀರಿಕೊಂಡ ಹತ್ತನೆಯ ದಿನ ಹೆಂಗಸೊಬ್ಬಳು ಅಳುತ್ತಳುತ್ತಲೇ ಪಾಸ್‌ಬುಕ್ಕಿನ ಜೆರಾಕ್ಸ್ ತೆಗೆದುಕೊಡುತ್ತಾಳೆ. ಅದರಲ್ಲಿ ನಗುವಂಥದೇನಿದೆ? ನಕ್ಕ ಮೇಲೆ ನಾಚಿಕೆಯಾಯಿತು. ಆ ಚಿತ್ರದ ತಂದೆ-ತಾಯಿಗಳ ಮುಖದಲ್ಲಿ ಗೆದ್ದವರ ಕಳೆಯಿರಲಿಲ್ಲ. ದೊಡ್ಡದೊಂದು ಕೆಲಸ ಮುಗಿಸಿದ ಮೇಲೂ ಮನೆಗೆ ಹೋದರೆ ಮಗುವಿನ ಕೋಣೆ ಹಾಗೆಯೇ ಇರುತ್ತದೆ ಎಂಬುದನ್ನು ಬಲ್ಲವರ ಮುಖ ಅದು.

ಕೊನೆಗೆ ಹಿಮ ಬೀಳುತ್ತದೆ. ಗುಮ್-ಜಾ ತೋಫುವಿನ ಹಾಗೆ ಬೆಳ್ಳಗಿರುವ ಕೇಕನ್ನು ಮಗಳಿಗೆ ಕೊಟ್ಟು ಬೆಳ್ಳಗೆ ಬಾಳು ಎನ್ನುತ್ತಾಳೆ. ಅಂದು ಬೋರಲು ಹಾಕಿದ್ದನ್ನು ಇಂದು ತಾನೇ ಮಾಡಿ ತಂದಿದ್ದಾಳೆ. ಆಮೇಲೆ ಆ ಕೇಕಿನಲ್ಲಿ ಮುಖ ಹುದುಗಿಸಿ ಅಳುತ್ತಾಳೆ. ಅವಳಿಗೆ ಬೇಕಾಗಿದ್ದ ಬಿಡುಗಡೆ ಸಿಗಲಿಲ್ಲ ಎಂದು ಚಿತ್ರವೇ ಹೇಳಿಬಿಡುತ್ತದೆ. ಬಣ್ಣಗಳು ಬರಬರುತ್ತ ಮಾಸಿ ಕೊನೆಗೆ ಕಪ್ಪು-ಬಿಳುಪಾಗುವ ಇನ್ನೊಂದು ಪ್ರತಿಯೂ ಈ ಚಿತ್ರಕ್ಕಿದೆ. ನಾವು ನೋಡಿದ್ದು ಬಣ್ಣದ್ದೇ, ಆದರೂ ಟಿ.ವಿ. ಆರಿಸಿದ ಮೇಲೆ ಕೋಣೆಯಲ್ಲಿ ಬಣ್ಣವೇನೂ ಉಳಿದಿರಲಿಲ್ಲ.

ನಿದ್ದೆ ಬರಲಿಲ್ಲ. ಬಿ.ಎಸ್ಸಿ.ಯಲ್ಲಿ ಓದಿದ ನ್ಯೂಟನ್ನನ ಮೂರನೆಯ ನಿಯಮ ನೆನಪಿಗೆ ಬಂತು. ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇದೆ. ಎಲ್ಲ ಸೇಡಿನ ಚಿತ್ರಗಳೂ ಇದನ್ನೇ ಹೇಳುತ್ತವೆ ಎಂದು ಎಣಿಸಿದ್ದೆವು. ಆದರೆ ನಮ್ಮ ಭೌತಶಾಸ್ತ್ರದ ಮೇಷ್ಟರು ಪ್ರತಿ ವರ್ಷ ಹುಡುಗರನ್ನು ಬೀಳಿಸುವ ಒಂದು ಪ್ರಶ್ನೆ ಕೇಳುತ್ತಿದ್ದರು: ಎರಡೂ ಸಮ, ಎರಡೂ ವಿರುದ್ಧ ಎಂದ ಮೇಲೆ ಒಂದನ್ನೊಂದು ಯಾಕೆ ರದ್ದು ಮಾಡುವುದಿಲ್ಲ? ಉತ್ತರ ಸುಲಭ. ಕ್ರಿಯೆ ಒಂದು ವಸ್ತುವಿನ ಮೇಲೆ, ಪ್ರತಿಕ್ರಿಯೆ ಇನ್ನೊಂದು ವಸ್ತುವಿನ ಮೇಲೆ. ಬೇರೆ ಬೇರೆ ಮೈಗಳ ಮೇಲೆ ಬಿದ್ದ ಪೆಟ್ಟುಗಳು ಒಂದನ್ನೊಂದು ಕಳೆಯುವುದಿಲ್ಲ. ನಮಗೆ ಬಿದ್ದ ಪೆಟ್ಟು ನಮ್ಮ ಮೇಲೆಯೇ ಇದೆ. ಈಗ ನಾವು ಕೊಡಹೊರಟಿರುವುದು ಯಾರ ಮೇಲೆ ಬೀಳುತ್ತದೆ? ಮೇಲಧಿಕಾರಿಗಳ ಮೇಲೂ ಅಲ್ಲ. ಕಡತ ಎಂದರೇನೆಂದೇ ತಿಳಿಯದ ಅವರ ಮಗನ ಮೇಲೆ.

ಭಾಗವತದಲ್ಲಿ ಒಂದು ಪ್ರಸಂಗವಿದೆ. ಚಿಕ್ಕಂದಿನಲ್ಲಿ ಹಾಸನದ ಮನೆಯ ಜಗುಲಿಯಲ್ಲಿ ತಂದೆಯವರು ಹೇಳುತ್ತಿದ್ದರು. ಮಲಗಿದ್ದ ಐದು ಮಕ್ಕಳನ್ನು ಕೊಂದ ಅಶ್ವತ್ಥಾಮನನ್ನು ಅರ್ಜುನ ಕಟ್ಟಿ ತಂದು ದ್ರೌಪದಿಯ ಮುಂದೆ ನಿಲ್ಲಿಸುತ್ತಾನೆ. ತುಂಬಿದ ಸಭೆಯ ಅವಮಾನವನ್ನು ವರ್ಷಗಟ್ಟಲೆ ಮರೆಯದಿದ್ದ ದ್ರೌಪದಿ ಅಲ್ಲಿ ಮಾತ್ರ ಬಿಡಿಸಿ ಎನ್ನುತ್ತಾಳೆ. ತಾನು ಅಳುತ್ತಿರುವ ಹಾಗೆ ಇವನ ತಾಯಿಯೂ ಅಳಬಾರದು ಎನ್ನುತ್ತಾಳೆ. ಆಗ ನಮಗೆ ಭೀಮನೇ ಇಷ್ಟ. ದ್ರೌಪದಿಯ ಮೇಲೆ ಕೋಪ ಬರುತ್ತಿತ್ತು. ಈಗ ಗಂಟೆ ಎರಡಾಗಿತ್ತು. ನಾವು ದ್ರೌಪದಿಯಷ್ಟು ದೊಡ್ಡವರಲ್ಲ. ನಮ್ಮ ಮಕ್ಕಳನ್ನು ಯಾರೂ ಕೊಂದಿರಲಿಲ್ಲ; ಒಂದು ಇನ್‌ಕ್ರಿಮೆಂಟು ಹೋಗಿತ್ತು, ತಂದೆಯವರ ಒಂದು 'ಆಯ್ತು ಬಿಡು' ಉಳಿದಿತ್ತು.

ಸೋಮವಾರ ತಟ್ಟೆಯ ತಳದಿಂದ ಕಡತ ತೆಗೆದು, ಅರ್ಜಿಯಲ್ಲಿದ್ದ ನಂಬರಿಗೆ ಫೋನು ಮಾಡಿದೆವು. ಪಿಂಚಣಿ ಸೆಕ್ಷನ್ನಿನಿಂದ ಎಂದಷ್ಟೇ ಹೇಳಿದೆವು, ಹೆಸರು ಹೇಳಲಿಲ್ಲ. ಪ್ರಮಾಣಪತ್ರದ ಮೂಲಪ್ರತಿ ತಂದರೆ ಇಲ್ಲೇ ನೋಡಿ ಮುಗಿಸಬಹುದು ಎಂದೆವು. ಬುಧವಾರ ಬಂದರು. ಗುರುತು ಸಿಗದಷ್ಟು ಸೊರಗಿದ್ದರು. ಕೈಹಿಡಿದುಕೊಂಡು ಮಗ, ತಲೆಯಲ್ಲಿ ಬಿಳಿಕೂದಲು ಬಂದಿದ್ದರೂ ಶಾಲೆಯ ಹುಡುಗನಂತೆ ಕೊರಳವರೆಗೆ ಗುಂಡಿ ಹಾಕಿ, ಎಣ್ಣೆ ಹಚ್ಚಿ ಬಾಚಿದ್ದರು. ಅವನು ಮೇಜಿನ ಮೇಲಿದ್ದ ಪಂಚಿಂಗ್ ಯಂತ್ರವನ್ನೇ ನೋಡುತ್ತಿದ್ದ. ಒಂದು ಹಾಳು ಕಾಗದ ಕೊಟ್ಟೆವು. ತೂತು ಹಾಕುತ್ತ ಕುಳಿತ.

ದಪ್ಪ ಕನ್ನಡಕದೊಳಗಿಂದ ಅವರು ನಮ್ಮನ್ನು ನೋಡಿ ಹಿಂದಿಯಲ್ಲಿ ಕೇಳಿದರು: 'ನೀವು ದಕ್ಷಿಣದವರೇ?'

'ಹೌದು ಸರ್, ಕರ್ನಾಟಕ.'

'ನಮ್ಮ ಸೆಕ್ಷನ್ನಿನಲ್ಲೂ ಒಬ್ಬ ಮದರಾಸಿ ಹುಡುಗ ಇದ್ದ. ಒಳ್ಳೆ ಕೆಲಸಗಾರ. ಪಾಪ, ಅವನಿಗೆ ಏನೋ ಮೆಮೊ-ಗಿಮೊ ಆಯಿತು. ಈಗ ಎಲ್ಲಿದ್ದಾನೋ.'

ಹದಿಮೂರು ವರ್ಷ ನಾವು ಸಿದ್ಧಮಾಡಿಟ್ಟ ಮಾತುಗಳು ಹತ್ತಾರಿದ್ದವು. ಹಿಂದಿಯಲ್ಲೇ ಸಿದ್ಧಮಾಡಿದ್ದೆವು, ವ್ಯಾಕರಣ ತಪ್ಪಬಾರದೆಂದು. ಒಂದೂ ಬಾಯಿಗೆ ಬರಲಿಲ್ಲ. 'ಇಲ್ಲೇ ಎಲ್ಲೋ ಇರಬೇಕು ಸರ್' ಎಂದೆವು. ಅವರಿಗೆ ನಿಜವಾಗಿಯೂ ನೆನಪಿಲ್ಲವೋ, ನೆನಪಿದ್ದೇ ಹಾಗೆ ಕೇಳಿದರೋ, ಆ 'ಪಾಪ' ಎಂಬುದರಲ್ಲಿ ಏನಿತ್ತೋ, ಕನ್ನಡಕ ದಪ್ಪವಾಗಿದ್ದುದರಿಂದ ಕಣ್ಣು ಕಾಣಲಿಲ್ಲ. ಮೂಲಪ್ರತಿ ನೋಡಿದೆವು, ಟಿಪ್ಪಣಿ ಬರೆದೆವು, ಕಡತವನ್ನು ಆ ದಿನವೇ ಮೇಲಕ್ಕೆ ಕಳಿಸಿದೆವು. ಹೊರಡುವಾಗ ಮಗ ತೂತು ಹಾಕಿದ ಕಾಗದವನ್ನು ನಮಗೇ ಹಿಂದಕ್ಕೆ ಕೊಟ್ಟ. ತಂದೆ ಅವನ ಕೈಯಿಂದ ನಮಸ್ಕಾರ ಮಾಡಿಸಿದರು.

ಕೋಪ ಹೋಯಿತೇ ಎಂದು ಓದುಗರು ಕೇಳಬಹುದು. ಇಲ್ಲ. ಆ ರಾತ್ರಿ ದೋಸೆ ಹಾಕುವಾಗ ಅವರ 'ಮೆಮೊ-ಗಿಮೊ' ನೆನಪಾಗಿ ದೋಸೆ ಸೀದುಹೋಯಿತು. ನಾವು ದೊಡ್ಡತನ ತೋರಿದೆವು ಎಂದು ಯಾರೂ ಎಣಿಸಬೇಕಾಗಿಲ್ಲ. ನಿಯಮದ ಪ್ರಕಾರ ಆಗಬೇಕಾದ ಕೆಲಸ ನಿಯಮದ ಪ್ರಕಾರ ಆಯಿತು, ಅಷ್ಟೆ. ತಂದೆಯವರು ಇದ್ದಿದ್ದರೆ ಫೋನು ಮಾಡಿ ಹೇಳುತ್ತಿದ್ದೆವು. ಏನನ್ನುತ್ತಿದ್ದರೆಂದು ಗೊತ್ತು. 'ಆಯ್ತು ಬಿಡು' ಎನ್ನುತ್ತಿದ್ದರು. ಆದರೆ ಆ ಸಲದ 'ಆಯ್ತು ಬಿಡು'ವನ್ನು ನಾವು ಸಂದೇಹಪಡುತ್ತಿರಲಿಲ್ಲ.

ಮುಂದಿನ ವಾರ ತಾಯಿ-ಮಗಳು ಕೊಬ್ಬರಿಮಿಠಾಯಿ, ಹುರಿಗಾಳು, ಎರಡು ತೆಂಗಿನಕಾಯಿಗಳೊಡನೆ ಬಂದಿಳಿದರು. ಮನೆಯವಳು ಫ್ರಿಜ್ಜು ತೆಗೆದು ಹುಳಿಯ ಪಾತ್ರೆ ನೋಡಿದಳು.

'ಒಬ್ಬರೇ ಏನು ಮಾಡ್ತಿದ್ರಿ ಇಷ್ಟು ದಿನ?'

'ನಾವು ಒಂದು ಸಿನಿಮಾ ನೋಡಿದೆವು.'

'ನಾವು ಅಂದ್ರೆ? ಜೊತೆಗೆ ಯಾರಿದ್ರು?'

ಹಳೆಯ ತಮಾಷೆ. ಆದರೆ ಈ ಸಲ ಉತ್ತರ ಹೇಳುವ ಮೊದಲು ಸ್ವಲ್ಪ ಯೋಚಿಸಬೇಕಾಯಿತು.